ಅರ್ಧ ಗಂಟೆಯ ಕುರ್ಚಿ

ನನ್ನ ತಂಗಿ ಕುರ್ಚಿ ಮಾಡುತ್ತಾಳೆ. ಹಾಗೆಂದು ಅವಳು ಬಡಗಿಯಲ್ಲ. ಕುರ್ಚಿ ಹೇಗಿರಬೇಕು ಎಂದು ಯೋಚಿಸಿ, ಅಳತೆ ಹಾಕಿ, ಚಿತ್ರ ಬರೆದು, ಬಡಗಿಯ ಪಕ್ಕದಲ್ಲೇ ನಿಂತು ಮಾಡಿಸುವವಳು. ಪೀಠೋಪಕರಣ ವಿನ್ಯಾಸಕಿ ಎಂದು ಕಾರ್ಡು ಅಚ್ಚು ಹಾಕಿಸಿಕೊಂಡಿದ್ದಾಳೆ. ಆ ಹೆಸರನ್ನು ಒಂದೇ ಉಸಿರಿಗೆ ಹೇಳಲು ನಮ್ಮಮ್ಮನಿಗೆ ಇವತ್ತಿಗೂ ಬರುವುದಿಲ್ಲ. ಚಿಕ್ಕವಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಮರದ ಕೆಲಸ ಎಂದು ಹೇಳಿ ಮಾತು ಬದಲಿಸುತ್ತಾಳೆ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವವಳು. ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ನಿಂತೇ ಇದ್ದೇನೆ. ನಮ್ಮಲ್ಲಿ ಗಿರಾಕಿಗಳಿಗೆ ಕೂರಲು ಮೆತ್ತೆ ಇದೆ, ಬಟ್ಟೆ ತೋರಿಸುವವರಿಗೆ ಏನೂ ಇಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ಗೋಡೆಗೆ ಒರಗಿದರೂ ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ಕೆಮ್ಮು ಕೆಮ್ಮುತ್ತಾರೆ. ಆ ಕೆಮ್ಮಿಗೆ ಯಾವ ಡಾಕ್ಟರ ಹತ್ತಿರವೂ ಔಷಧಿ ಇಲ್ಲ.

ನನ್ನ ವಿಷಯ ಯಾಕೆ ಬಂತೆಂದರೆ, ನನ್ನ ತಂಗಿಯ ಬದುಕು ಎಡವಿದ್ದು ನನ್ನ ಕಾಲಿನಿಂದ. ಬೇರೆ ಯಾರೋ ಹೇಳಿ ನೀವು ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ.

ಮನೆಯಲ್ಲಿ ಅವಳನ್ನು ಕಡ್ಡಿ ಅನ್ನುತ್ತೇವೆ. ಮೈಯೂ ಹಾಗೆ, ಸ್ವಭಾವವೂ ಹಾಗೆ. ಡ್ರಾಯಿಂಗ್ ಕಲಿತು ಬೀರು ಮಾಡುವ ಕಾರ್ಖಾನೆ ಸೇರಿ, ಎಂಟು ವರ್ಷ ಅಲ್ಲಿ ಬೀರು, ಕಪಾಟು, ಮಂಚ ಬರೆದಳು. ಕಾರ್ಖಾನೆಯವರು ವರ್ಷಕ್ಕೊಂದು ಬಣ್ಣದ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಅದರಲ್ಲಿ ಇವಳು ಬರೆದ ಪ್ರತಿ ವಸ್ತುವಿನ ಕೆಳಗೂ ಮಾಲೀಕರ ಮಗನ ಹೆಸರು. ಆ ಮಹಾನುಭಾವ ಪೆನ್ಸಿಲ್ ಹಿಡಿದದ್ದನ್ನು ಕಂಡವರಿಲ್ಲ. ಎಂಟನೆಯ ಪುಸ್ತಕ ಕೈಗೆ ಬಂದ ದಿನ ಇವಳು ರಾಜೀನಾಮೆ ಬರೆದುಕೊಟ್ಟು, ಚೀಲದಲ್ಲಿ ಸ್ಕೇಲು ಪೆನ್ಸಿಲು ತುಂಬಿಕೊಂಡು ಮನೆಗೆ ಬಂದಳು. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ನಾನು ಮಾತ್ರ, ಇರಲಿ ಬಿಡಮ್ಮ, ಅವಳ ಹೆಸರಲ್ಲಿ ಅವಳು ಬದುಕಲಿ ಎಂದೆ. ಭಾರಿ ತಿಳಿದವಳ ಹಾಗೆ ಹೇಳಿದೆ.

ನಮ್ಮ ಮನೆ ಎರಡು ಕೋಣೆಯದು. ಮುಂದಿನ ಕೋಣೆ ಅವಳದಾಯಿತು. ಗೋಡೆ ತುಂಬ ಚಿತ್ರ, ನೆಲದ ತುಂಬ ಮರದ ತುಂಡು, ಅನ್ನದಲ್ಲೂ ಮರದ ಪುಡಿ. ಗಿರಾಕಿಗಳು ಬರುತ್ತಿದ್ದರು. ಬಂದು ಫೋನಿನಲ್ಲಿ ಯಾವುದೋ ಫೋಟೋ ತೋರಿಸಿ, ಇದೇ ಬೇಕು, ಆದರೆ ಸ್ವಲ್ಪ ಸಣ್ಣದು ಅನ್ನುತ್ತಿದ್ದರು. ಕೆಲವರು ಅವಳಿಂದ ಚಿತ್ರ ಬರೆಸಿಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಹೋಗಿ, ಪಕ್ಕದ ರಸ್ತೆಯ ಬಡಗಿಯ ಹತ್ತಿರ ಅದನ್ನೇ ಮಾಡಿಸಿಕೊಂಡರು. ಇನ್ನು ಕೆಲವರು ಒಳಗೆ ಬಂದು ಸುತ್ತಲೂ ನೋಡಿ, ನಿಮ್ಮ ಸಾಹೇಬರು ಯಾವಾಗ ಬರುತ್ತಾರೆ ಎಂದು ಕೇಳಿದರು. ಸಾಹೇಬರು ನಾನೇ ಎಂದು ಹೇಳಿ ಹೇಳಿ ಅವಳಿಗೆ ಸಾಕಾಯಿತು.

ಆದರೂ ಕುರ್ಚಿ ಮಾಡುವುದನ್ನು ಬಿಡಲಿಲ್ಲ. ಬೀರು ಯಾರು ಬೇಕಾದರೂ ಮಾಡಬಹುದು, ಕುರ್ಚಿಗೆ ಮನುಷ್ಯನ ಮೈ ಗೊತ್ತಿರಬೇಕು ಅನ್ನುತ್ತಿದ್ದಳು. ಅವಳಿಗೆ ಗೊತ್ತಿದ್ದ ಮನುಷ್ಯನ ಮೈ ನನ್ನದೊಂದೇ. ಸಂಜೆ ನಾನು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೊಸ ಕುರ್ಚಿಯನ್ನು ಬಾಗಿಲಿಗೇ ಎಳೆದು ತಂದಿರುತ್ತಿದ್ದಳು. ನನ್ನನ್ನು ಕೂರಿಸಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಪಾದ, ಮಂಡಿ, ಸೊಂಟ ನೋಡುತ್ತ ಹೇಗಿದೆ ಎಂದು ಕೇಳುತ್ತಿದ್ದಳು. ಹತ್ತು ಗಂಟೆ ನಿಂತು ಬಂದವಳು ಏನು ಹೇಳಿಯಾಳು? ನನ್ನನ್ನು ಕಲ್ಲಿನ ಮೇಲೆ ಕೂರಿಸಿದರೂ ಹಾಯ್ ಅನ್ನುತ್ತಿದ್ದೆ. ಸ್ವರ್ಗ ಕಣೇ ಎಂದು ಕಣ್ಣು ಮುಚ್ಚಿಬಿಡುತ್ತಿದ್ದೆ. ಹತ್ತು ನಿಮಿಷಕ್ಕೆ ಅಮ್ಮ ಊಟಕ್ಕೆ ಕರೆಯುತ್ತಿದ್ದಳು. ಏಳುವಾಗ ಮಾತ್ರ ಮಂಡಿ ಹಿಡಿದುಕೊಳ್ಳುತ್ತಿತ್ತು. ಇನ್ನೊಂಚೂರು ಎತ್ತರ ಇದ್ದರೆ ಏಳುವುದು ಸುಲಭ ಎಂದು ಪ್ರತಿ ಸಲವೂ ಹೇಳುತ್ತಿದ್ದೆ. ಅವಳು ಬರೆದುಕೊಳ್ಳುತ್ತಿದ್ದಳು, ಮುಂದಿನ ಕುರ್ಚಿ ಒಂಚೂರು ಎತ್ತರವಾಗುತ್ತಿತ್ತು. ಹೀಗೆ ಐದು ವರ್ಷದಲ್ಲಿ ಹದಿನೇಳು ಕುರ್ಚಿ. ಹದಿನೇಳೂ ಸ್ವರ್ಗವೇ.

ಐದನೆಯ ವರ್ಷ ಅವಳ ಕೈ ಸೋತಿತ್ತು. ಹಳೆಯ ಕಾರ್ಖಾನೆಯವರು ಕರೆಯುತ್ತಿದ್ದರು. ಅವಳ ಮೇಜು ಖಾಲಿ ಇದೆ, ವರ್ಷದ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರು ಎಂದು ಹೇಳಿ ಕಳಿಸಿದ್ದರು. ಆಗ ಬಂತು ಗ್ರಂಥಾಲಯದ ಕೆಲಸ. ಹೊಸದಾಗಿ ಕಟ್ಟಿದ ಓದುವ ಕೋಣೆಗೆ ಅರವತ್ತು ಕುರ್ಚಿ. ಸಮಿತಿಯವರು ಹದಿನೇಳನೆಯ ಕುರ್ಚಿಯಲ್ಲಿ ಒಬ್ಬೊಬ್ಬರಾಗಿ ಎರಡೆರಡು ನಿಮಿಷ ಕೂತು ತಲೆಯಾಡಿಸಿದರು. ಆ ಸಮಿತಿಯಲ್ಲಿ ನಮ್ಮ ಸಾಹುಕಾರರೂ ಇದ್ದರು. ದೊಡ್ಡ ಮನುಷ್ಯರು ಅಂದಮೇಲೆ ಎಲ್ಲ ಸಮಿತಿಗಳಲ್ಲೂ ಇರುತ್ತಾರೆ.

ಆ ದಿನ ಕಡ್ಡಿ ಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕ, ಅರವತ್ತು ಕುರ್ಚಿ ಒಂದೇ ಕಡೆ ಇದ್ರೆ ಊರೇ ನೋಡುತ್ತೆ. ಇದೊಂದು ನಿಂತ್ರೆ ನಾನು ನಿಂತೆ. ಇಲ್ಲಾಂದ್ರೆ ಹೊಸ ವರ್ಷದ ಒಂದನೇ ತಾರೀಕಿಗೆ ಹೋಗಿ ಆ ಮೇಜಿಗೆ ತಲೆ ಬಗ್ಗಿಸ್ತೀನಿ" ಎಂದಳು. ಅವಳಿಗೆ ಆಗ ಮೂವತ್ತೆಂಟು. ಇನ್ನೊಂದು ಸಲ ಬಿಟ್ಟು ಬರುವ ವಯಸ್ಸಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳ ಕುರ್ಚಿ ಮಾಡಿಕೊಡುತ್ತಿದ್ದ ಬಡಗಿ ಮೇಸ್ತ್ರಿ ಮೂವರನ್ನು ಜೊತೆಗೆ ಹಾಕಿಕೊಂಡು ಎರಡೂವರೆ ತಿಂಗಳಲ್ಲಿ ಅರವತ್ತನ್ನೂ ಮುಗಿಸಿದ. ಪಾಲಿಶ್ ಆಗಿ ಸಾಲಾಗಿ ನಿಂತಿದ್ದವು, ಕಣ್ಣಿಗೆ ಹಬ್ಬ. ಗ್ರಂಥಾಲಯದ ಉದ್ಘಾಟನೆಗೆ ಹತ್ತು ದಿನ ಇತ್ತು. ಅಷ್ಟರಲ್ಲಿ ನಾನು ಅಂಗಡಿಯ ಮೆಟ್ಟಿಲ ಮೇಲೆ ಬಲಗಾಲು ಉಳುಕಿಸಿಕೊಂಡೆ. ಒಂದು ವಾರ ಕಾಲು ಊರಬಾರದು ಎಂದರು ಡಾಕ್ಟರು. ಸಾಹುಕಾರರು ಎರಡು ಸಲ ಕೆಮ್ಮಿ ರಜೆ ಕೊಟ್ಟರು.

ಮನೆಯಲ್ಲಿ ಕಿಟಕಿಯ ಪಕ್ಕ, ಹದಿನೇಳನೆಯ ಕುರ್ಚಿಯಲ್ಲಿ ಕೂತು ಹಳೆಯ ಬಟ್ಟೆಗಳಿಗೆ ಹೊಲಿಗೆ ಹಾಕತೊಡಗಿದೆ. ಹತ್ತೊಂಬತ್ತು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಅರ್ಧ ಗಂಟೆಗೆ ತೊಡೆಯ ಕೆಳಗೆ ಏನೋ ಒತ್ತಿತು. ಒಂದು ಗಂಟೆಗೆ ಕಾಲು ಜೋಮು ಹಿಡಿಯಿತು. ಉಳುಕಿದ್ದಕ್ಕೆ ಇರಬೇಕು ಅಂದುಕೊಂಡೆ. ಮಾರನೆಯ ದಿನ ಎಡಗಾಲೂ ಜೋಮು ಹಿಡಿಯಿತು. ಎಡಗಾಲಿಗೆ ಏನು ರೋಗ? ಮೂರನೆಯ ದಿನ ಗಡಿಯಾರ ಎದುರಿಗೆ ಇಟ್ಟುಕೊಂಡು ಕೂತೆ. ಮುಕ್ಕಾಲು ಗಂಟೆಯಾದಮೇಲೆ ಎದ್ದು ನಿಂತರೆ ನೆಲ ಎಲ್ಲಿದೆ ಎಂದೇ ತಿಳಿಯಲಿಲ್ಲ, ಗೋಡೆ ಹಿಡಿದುಕೊಂಡೆ. ಮಂಚದ ಅಂಚಿನಲ್ಲಿ ಕೂತಿದ್ದ ಅಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಅದರಲ್ಲಿ ಕೂತರೆ ಹಾಗೇ ಆಗುವುದು, ನಾನು ಒಂದೇ ದಿನಕ್ಕೆ ಬಿಟ್ಟೆ ಎಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ನನ್ನನ್ನ ಯಾರು ಕೇಳಿದ್ರು?" ಎಂದಳು ಅಮ್ಮ.

ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಸುಮ್ಮನಿದ್ದುಬಿಡು, ಕುರ್ಚಿ ಹೋಗಲಿ, ಅವಳು ನಿಲ್ಲಲಿ ಎಂದು ಒಂದು ಮನಸ್ಸು. ಆದರೆ ಗೋಡೆಯ ಮೇಲಿನ ಚಿತ್ರಗಳ ಮಧ್ಯೆ, ಓದುವ ಹುಡುಗರು ಆರು ಗಂಟೆ ಕೂರುತ್ತಾರೆ ಎಂದು ಅವಳೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಳು. ಹೋದಲ್ಲಿ ಬಂದಲ್ಲಿ ಅದು ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಹೇಳಿಬಿಟ್ಟೆ. ಅವಳು ನಗುತ್ತಲೇ ಬಂದು ನನ್ನನ್ನು ಕೂರಿಸಿ, ನನ್ನ ತೊಡೆಗೂ ಮರಕ್ಕೂ ನಡುವೆ ಬೆರಳು ತೂರಿಸಲು ನೋಡಿದಳು. ಬೆರಳು ಹೋಗಲಿಲ್ಲ. ನಗು ನಿಂತಿತು. ಸೀಟು ಇರಬೇಕಾದದ್ದಕ್ಕಿಂತ ಎರಡು ಬೆರಳಗಲ ಎತ್ತರವಾಗಿತ್ತು. ಮುಂದಿನ ಅಂಚು ತೊಡೆಯನ್ನು ಒತ್ತಿ ರಕ್ತ ತಡೆಯುತ್ತಿತ್ತು.

ಅಳತೆ ಬರೆದುಕೊಂಡಿದ್ದ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ನೆಲದ ಮೇಲೆ ಹರಡಿದಳು. ಒಂದೊಂದರಲ್ಲೂ ನನ್ನ ಮಾತು ಇತ್ತು. ಒಂಚೂರು ಎತ್ತರ. ಇನ್ನೊಂಚೂರು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತಪ್ಪು ನಂದೇ ಅಕ್ಕ" ಎಂದಳು. "ದಿನಾ ನಿಂತು ಬರೋಳನ್ನ ಹತ್ತು ನಿಮಿಷ ಕೂರಿಸಿ ಕೇಳಿದ್ನಲ್ಲ. ಯಾವ ಸೀಮೆ ಕಲಿತೋಳು ನಾನು."

ಮೇಸ್ತ್ರಿಯ ಹತ್ತಿರ ಓಡಿದಳು. ಕುರ್ಚಿಯ ಕಾಲು ಕತ್ತರಿಸಿದರೆ ಕೆಳಗಿನ ಅಡ್ಡಪಟ್ಟಿ ನೆಲ ಮುಟ್ಟುತ್ತದೆ, ಅದನ್ನು ಬಿಚ್ಚಿ ಮೇಲಕ್ಕೆ ಹೊಸ ಕೀಲು ಹಾಕಬೇಕು, ಚೂಪಾದ ಅಂಚನ್ನು ಉಜ್ಜಿ ಉರುಟು ಮಾಡಿ ಮತ್ತೆ ಪಾಲಿಶ್ ಮಾಡಬೇಕು, ಅರವತ್ತಕ್ಕೆ ಮೂರು ವಾರ ಬೇಕು ಎಂದ ಅವನು. ಉದ್ಘಾಟನೆಗೆ ಉಳಿದಿದ್ದದ್ದು ಐದು ದಿನ. ಅವಳು ಸಮಿತಿಯ ಮುಂದೆ ಹೋಗಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನ್ನಿಂದ ತಪ್ಪಾಗಿದೆ, ಮೂರು ವಾರ ಕೊಡಿ, ಸರಿಮಾಡಿ ಕೊಡುತ್ತೇನೆ ಎಂದು ಕೈ ಮುಗಿದಳು. ಮುಖ್ಯ ಅತಿಥಿಯ ದಿನಾಂಕ ನಿಗದಿಯಾಗಿತ್ತು, ಅತಿಥಿಯನ್ನು ನೆಲದ ಮೇಲೆ ಕೂರಿಸುವ ಹಾಗಿರಲಿಲ್ಲ. ಆಗ ನಮ್ಮ ಸಾಹುಕಾರರು ಬಾಯಿ ಬಿಟ್ಟರು. ಎಷ್ಟು ಹೊತ್ತು ಕೂರಬಹುದು ಎಂದು ಕೇಳಿದರು. ಅರ್ಧ ಗಂಟೆ ಚೆನ್ನಾಗಿ ಕೂರಬಹುದು, ಆಮೇಲೆ ಕಷ್ಟ ಎಂದಳು ಇವಳು.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲಮ್ಮ" ಎಂದರಂತೆ. "ಬೆಳಗ್ಗೆ ಬಂದು ಸಂಜೆವರೆಗೂ ಪೇಪರ್ ಹಿಡ್ಕೊಂಡು ತೂಕಡಿಸೋರು ತಾವಾಗೇ ಎದ್ದು ಹೋಗ್ತಾರೆ. ನಾವು ಎಬ್ಬಿಸೋ ಕೆಲಸ ತಪ್ಪಿತು."

ಎಲ್ಲರೂ ನಕ್ಕು ಸಹಿ ಹಾಕಿದರು. ಕಡ್ಡಿ ಮನೆಗೆ ಬಂದು, ಒಪ್ಪಿಬಿಟ್ಟರು ಎಂದು ಸಾವಿನ ಸುದ್ದಿ ಹೇಳುವವರ ಹಾಗೆ ಹೇಳಿದಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಕೆಲಸ ಉಳಿಯಿತಲ್ಲ ಎಂದು ಒಳಗೊಳಗೇ ಕುಣಿದೆ. ಆ ಖುಷಿಯನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಉದ್ಘಾಟನೆಯಾಯಿತು. ಅತಿಥಿ ಇಪ್ಪತ್ತು ನಿಮಿಷ ಕೂತು, ಕುರ್ಚಿಯ ಕೈ ಸವರಿ, ಬಹಳ ಸೊಗಸಾಗಿದೆ ಎಂದು ಹೋದರು. ಆಮೇಲೆ ಒಂದು ವಾರ ಇವಳು ದಿನವೂ ಆ ಓದುವ ಕೋಣೆಗೆ ಹೋಗಿ ಮೂಲೆಯಲ್ಲಿ ನಿಂತು ಜನರ ಕಾಲು ನೋಡಿದಳು. ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಎರಡು ದಪ್ಪ ನಿಘಂಟುಗಳನ್ನು ನೆಲಕ್ಕೆ ಹಾಕಿ ಅವುಗಳ ಮೇಲೆ ಪಾದ ಇಟ್ಟಿದ್ದಳಂತೆ. ಒಬ್ಬ ಮುದುಕರು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೋಣೆಯನ್ನು ಸುತ್ತಿ ಬಂದು ಮತ್ತೆ ಕೂರುತ್ತಿದ್ದರಂತೆ. ಐದೈದು ಕುರ್ಚಿಯಂತೆ ಒಯ್ದು ಸರಿಮಾಡಿ ತರುತ್ತೇನೆ, ಏನೂ ಕೊಡಬೇಡಿ ಎಂದು ಗ್ರಂಥಪಾಲಕರನ್ನು ಕೇಳಿದಳು. ಒಳಗೆ ಬಂದ ಸಾಮಾನು ಹೊರಗೆ ಹೋಗಬೇಕಾದರೆ ಸಮಿತಿ ಸೇರಬೇಕು, ಸಮಿತಿ ಇನ್ನು ಸೇರುವುದು ಮುಂದಿನ ವರ್ಷ ಎಂದರು ಅವರು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಳ್ಳತೊಡಗಿತು. ಐದು ವರ್ಷ ಸತ್ತ ಹಾಗೆ ಬಿದ್ದಿದ್ದ ಫೋನು. ತಿಂಡಿ ಅಂಗಡಿಯವನೊಬ್ಬ, ಗಿರಾಕಿಗಳು ತಿಂದು ಬೇಗ ಏಳಬೇಕು, ಆ ಕುರ್ಚಿ ಬೇಕು ಎಂದ. ಒಂದು ಕಚೇರಿಯವರು, ಅರ್ಜಿ ಹಿಡಿದು ಬರುವವರನ್ನು ಕೂರಿಸಲು ಆ ಕುರ್ಚಿ ಬೇಕು ಎಂದರು. ಎಲ್ಲರಿಗೂ ಆ ಕುರ್ಚಿಯೇ ಬೇಕು. ಸಾಹುಕಾರರು ಹೋದ ಕಡೆಯೆಲ್ಲ ಹೊಗಳಿದ್ದರು. ಇವಳು ಇಬ್ಬರಿಗೂ ಕಡ್ಡಿ ಮುರಿದ ಹಾಗೆ ಆಗುವುದಿಲ್ಲ ಎಂದಳು. ಹಗಲೂ ಇರುಳೂ ಕೂತು ಹದಿನೆಂಟನೆಯದನ್ನು ಮಾಡಿದಳು. ತಗ್ಗಿದ ಸೀಟು, ಉರುಟಾದ ಅಂಚು. ಈ ಸಲ ಅಮ್ಮನನ್ನೂ, ಮೇಸ್ತ್ರಿಯನ್ನೂ, ಬೀದಿಯ ಹೊಲಿಗೆಯವಳನ್ನೂ ಕರೆದು ಮೂರು ಮೂರು ಗಂಟೆ ಕೂರಿಸಿದಳು. ಅಮ್ಮ ಅದರಲ್ಲೇ ನಿದ್ದೆಹೋದಳು. ಅಷ್ಟು ಒಳ್ಳೆಯ ಕುರ್ಚಿಯನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಅದನ್ನು ಹೊತ್ತುಕೊಂಡು ಹನ್ನೊಂದು ಕಡೆ ಹೋದಳು. ಚೆನ್ನಾಗಿದೆ, ಆದರೆ ನಮಗೆ ಗ್ರಂಥಾಲಯದ್ದೇ ಬೇಕು ಎಂದರು ಎಲ್ಲರೂ.

ವರ್ಷದ ಕೊನೆ ಹತ್ತಿರ ಬಂತು. ಆಗಲೇ ಆ ಹೊಸ ನಿಯಮ ಬಂದದ್ದು. ಅಂಗಡಿಗಳಲ್ಲಿ ನಿಂತು ಕೆಲಸ ಮಾಡುವವರಿಗೆ ಮಾಲೀಕರು ಕಡ್ಡಾಯವಾಗಿ ಆಸನ ಕೊಡಬೇಕು, ಇಲ್ಲದಿದ್ದರೆ ದಂಡ. ನಾವು ಮೂವತ್ತು ಜನ ಹೆಂಗಸರು ಸೀರೆ ಮಡಚುತ್ತ ಮಡಚುತ್ತ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಸಾಹುಕಾರರು ಅವತ್ತು ಕೆಮ್ಮಲಿಲ್ಲ. ಅವರು ಯೋಚನೆ ಮಾಡುತ್ತಿದ್ದರು. ಮಾರನೆಯ ದಿನ ನನ್ನನ್ನು ಕರೆದು, ನಿನ್ನ ತಂಗಿಗೆ ಬರಹೇಳು ಎಂದರು.

ಮೂವತ್ತು ಕುರ್ಚಿ, ಅದೇ ಹದಿನೇಳನೆಯದು. ಈ ಅಂಗಡಿಯಲ್ಲಿ ಚೆನ್ನಾಗಿ ಕಂಡರೆ ಅವರ ಇನ್ನೂ ನಾಲ್ಕು ಅಂಗಡಿಗಳಿಗೆ. ಇವಳು ಒಂದು ಉಪಾಯ ಮಾಡಿದಳು. ನೋಡಲು ಹದಿನೇಳನೆಯದರ ಹಾಗೇ ಇರುವ, ಆದರೆ ಸೀಟು ತಗ್ಗಿಸಿ ಅಂಚು ಉರುಟು ಮಾಡಿದ ಕುರ್ಚಿಯನ್ನು ಮಾದರಿ ಎಂದು ತಂದಿಟ್ಟಳು. ಸಾಹುಕಾರರು ವಾಚು ಬಿಚ್ಚಿ ಮೇಜಿನ ಮೇಲೆ ಇಟ್ಟು ಕೂತರು. ನಾನು ಸೀರೆಗಳ ಹಿಂದಿನಿಂದ ನೋಡುತ್ತಿದ್ದೆ. ಅರ್ಧ ಗಂಟೆ ಕೂತರು. ಮುಕ್ಕಾಲು ಗಂಟೆ ಕೂತರು. ಐದು ವರ್ಷದಲ್ಲಿ ನನ್ನ ತಂಗಿಯ ಕುರ್ಚಿಯನ್ನು ವಾಚು ಹಿಡಿದು ಪರೀಕ್ಷೆ ಮಾಡಿದ ಗಿರಾಕಿ ಅವರೊಬ್ಬರೇ. ಕೊನೆಗೆ ಎದ್ದು, ಎರಡು ಸಲ ಕಾಲು ಕೊಡವಿ, "ಇದ್ರಲ್ಲಿ ಏನೂ ಆಗ್ತಿಲ್ವಲ್ಲಮ್ಮ" ಎಂದರು. ನನಗೆ ಬೇಕಾದದ್ದು ಇದಲ್ಲ, ನಿನಗಾಗದಿದ್ದರೆ ಅಳತೆ ತೆಗೆದುಕೊಂಡು ಬೇರೆಯವರಿಂದ ಮಾಡಿಸುತ್ತೇನೆ, ನಾಳೆ ಹೇಳು ಎಂದರು.

ಆ ಸಂಜೆ ಅವಳು ಗೋಡೆಯ ಚಿತ್ರಗಳನ್ನು ಒಂದೊಂದಾಗಿ ಕಿತ್ತು ಸುರುಳಿ ಸುತ್ತುತ್ತಿದ್ದಳು. ಕಾರ್ಖಾನೆಗೆ ಹೋಗುತ್ತೇನೆ ಎಂದಳು. ಒಂದನೆಯ ತಾರೀಕಿಗೆ ಇನ್ನು ನಾಲ್ಕು ದಿನ. ನಾನು ಬಾಗಿಲಲ್ಲೇ ನಿಂತು, ಸಾಹುಕಾರರ ಕೆಲಸ ತೆಗೆದುಕೋ ಎಂದೆ.

"ನೀನು ಕೂರೋ ಕುರ್ಚಿ ಅಕ್ಕ ಅದು" ಎಂದಳು. "ನಿಮ್ಮನ್ನ ಎಬ್ಬಿಸೋಕೆ ಅಂತ್ಲೇ ಕೇಳ್ತಿದಾನೆ. ಗೊತ್ತಿಲ್ದೆ ಮಾಡಿದ್ದು ಬೇರೆ, ಗೊತ್ತಿದ್ದೂ ಮಾಡೋದು ಬೇರೆ."

"ನೀನು ಮಾಡ್ದೇ ಇದ್ರೂ ಅವರು ಮಾಡಿಸ್ತಾರೆ. ನಮಗೆ ಅದೇ ಕುರ್ಚಿ ಬರುತ್ತೆ, ನಿಂಗೆ ಮಾತ್ರ ಏನೂ ಉಳಿಯಲ್ಲ."

"ಹೆಸರು ಉಳಿಯುತ್ತೆ."

"ಆ ಕಾರ್ಖಾನೇಲಿ ಯಾರ ಹೆಸರು ಉಳಿಯುತ್ತೆ ಹೇಳು" ಎಂದೆ.

ಅದು ತಾಗಿತು. ತಾಗಲಿ ಎಂದೇ ಹೇಳಿದ್ದೆ. ಅವಳು ಸುರುಳಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕುಸಿದು ಕೂತು, ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆ ಬಾಯಿ ತೆರೆದು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ನನ್ನ ಬಾಯಿಯ ಹತ್ತು ನಿಮಿಷದ ಮಾತಿನಿಂದ ಅವಳ ಐದು ವರ್ಷ ಹೋಗಿತ್ತು. ಇನ್ನು ಉಳಿದ ಆಯುಷ್ಯವೂ ಬೇರೆಯವರ ಹೆಸರಿನ ಕೆಳಗೆ ಹೋಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಹೇಗೂ ನಿಂತು ಅಭ್ಯಾಸವಾದ ಕಾಲು ನಮ್ಮದು, ಅರ್ಧ ಗಂಟೆಯಾದರೂ ಸಿಗುತ್ತದಲ್ಲ ಎಂದು ಅವಳಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಮೂವತ್ತು ಜನರ ಪರವಾಗಿ ಹಾಗೆ ಹೇಳಲು ನನಗೆ ಅಧಿಕಾರ ಕೊಟ್ಟವರು ಯಾರು ಎಂದು ಅವತ್ತು ಹೊಳೆಯಲಿಲ್ಲ. ಬೆಳಿಗ್ಗೆ ಅವಳು ಸಾಹುಕಾರರಿಗೆ ಫೋನು ಮಾಡಿ ಆಯಿತು ಎಂದಳು.

ಕುರ್ಚಿಗಳು ಒಂದು ಸೋಮವಾರ ಬಂದವು. ಲಾರಿಯಿಂದ ಇಳಿಸುವಾಗಲೇ ಹೆಂಗಸರೆಲ್ಲ ಬಾಗಿಲಿಗೆ ಓಡಿದರು. ನನಗಿಂತ ಹಿರಿಯಳು, ಲೈನಿಂಗ್ ಬಟ್ಟೆಯ ಕಡೆ ನಿಲ್ಲುವವಳು, ಇಪ್ಪತ್ತೇಳು ವರ್ಷದಿಂದ ನಿಂತಿದ್ದವಳು, ಕುರ್ಚಿಯ ಕೈ ಸವರಿ ಸವರಿ ಕೂತಳು. ಕೂತವಳ ಕಣ್ಣಲ್ಲಿ ನೀರು ಬಂತು. ಎಲ್ಲರೂ ಕೂತೆವು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಪತ್ರಿಕೆ ಬಿಡಿಸಿಕೊಂಡರು.

ಮೊದಲು ಗೊಣಗಿದ್ದು ರವಿಕೆ ಬಟ್ಟೆಯ ಹುಡುಗಿ. ಆಮೇಲೆ ಆ ಕಡೆಯಿಂದೊಬ್ಬಳು, ಈ ಕಡೆಯಿಂದೊಬ್ಬಳು. ಕಾಲು ಮಡಿಸಿದರು, ಚಾಚಿದರು, ಅಂಚಿಗೆ ಜರುಗಿದರು. ಲೈನಿಂಗ್ ಅಕ್ಕ ತೊಡೆ ಉಜ್ಜಿಕೊಳ್ಳುತ್ತ, ಇದನ್ನು ಮಾಡಿದವನ ಕೈ ಬಿದ್ದುಹೋಗಲಿ ಎಂದಳು. ಜನ್ಮದಲ್ಲಿ ಒಂದು ದಿನ ನಿಂತು ದುಡಿದಿದ್ದರೆ ಹೀಗೆ ಮಾಡುತ್ತಿದ್ದನೇ ಎಂದಳು ಇನ್ನೊಬ್ಬಳು. ಅವನ ಹೆಂಡತಿ ಮಕ್ಕಳನ್ನು ಇದರಲ್ಲಿ ಕೂರಿಸಬೇಕು ಎಂದು ಮತ್ತೊಬ್ಬಳು. ನನ್ನ ಕಾಲು ಆಗಲೇ ಸತ್ತಿತ್ತು. ತಲೆ ತಗ್ಗಿಸಿ ಕೂತಿದ್ದೆ. ನೀನ್ಯಾಕೆ ಸುಮ್ಮನಿದ್ದೀಯ, ನೀನೂ ನಾಲ್ಕು ಬೈ ಎಂದು ಲೈನಿಂಗ್ ಅಕ್ಕ ನನ್ನ ಭುಜ ಹಿಡಿದು ಅಲುಗಿಸಿದಳು.

"ಅದು ನನ್ನ ತಂಗಿ ಮಾಡಿದ್ದು" ಎಂದೆ. "ಮಾಡು ಅಂತ ಹೇಳಿದ್ದು ನಾನು."

ಲೈನಿಂಗ್ ಅಕ್ಕ ನನ್ನ ಭುಜದ ಮೇಲಿದ್ದ ಕೈ ತೆಗೆದಳು. ಒಬ್ಬೊಬ್ಬರಾಗಿ ಎದ್ದು, ಗೋಡೆ ಹಿಡಿದು ಕಾಲಿಗೆ ಜೀವ ಬರುವವರೆಗೆ ಕಾದು, ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತರು. ಸಾಹುಕಾರರು ಪತ್ರಿಕೆಯ ಮೇಲಿಂದ ಗಡಿಯಾರ ನೋಡಿದರು. ಮೂವತ್ತೈದು ನಿಮಿಷವಾಗಿತ್ತು.